ನವನಗರದ ಓದುವ ಮಕ್ಕಳು: ಒಂದನೆಯ ತರಗತಿಯ ಪ್ರಗತಿ ದಾಖಲೆ

ಜೂನ್

ಹುಬ್ಬಳ್ಳಿಯ ನವನಗರದ ನಮ್ಮ ಓಣಿಯಲ್ಲಿ ಈ ವರ್ಷ ಒಂದನೆಯ ತರಗತಿಗೆ ಸೇರಿದ ಕೆಲವು ಮಕ್ಕಳಿಗೆ ಸಂಜೆಯ ಹೊತ್ತು ಓದಿನ ಅಭ್ಯಾಸ ಮಾಡಿಸಲು ಆರಂಭಿಸಿದ್ದೇನೆ. ಹೆಚ್ಚಿನವರು ವರ್ಣಮಾಲೆಯನ್ನು ಮೊದಲಿನಿಂದ ಕೊನೆಯವರೆಗೆ ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ನಡುವಿನ ಒಂದು ಅಕ್ಷರವನ್ನು ಬಿಡಿಯಾಗಿ ತೋರಿಸಿದರೆ, ಮತ್ತೆ ‘ಅ’ದಿಂದ ಹೇಳುತ್ತ ಬಂದು ಅಲ್ಲಿಗೆ ತಲುಪುತ್ತಾರೆ.

ಇನ್ನೊಂದು ತೊಡಕೂ ಕಂಡಿತು. ಶಾಲೆಯಲ್ಲಿ ಅಕ್ಕೋರು, ಅಂದರೆ ಶಿಕ್ಷಕಿ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿಯ ಕ್ರಮದಲ್ಲಿ ರ, ಗ, ಸ, ದ, ಅ ಎಂದು ಕಲಿಸುತ್ತಿದ್ದರೆ, ಮನೆಯಲ್ಲಿ ತಾಯಂದಿರು ಅ, ಆ, ಇ, ಈ ಎಂದು ತಿದ್ದಿಸುತ್ತಿದ್ದರು. ಆದ್ದರಿಂದ ಆ ವಾರ ಶಾಲೆಯಲ್ಲಿ ನಡೆಯುತ್ತಿರುವ ಅಕ್ಷರಗಳು ಯಾವುವೆಂದು ಅಕ್ಕೋರನ್ನು ಕೇಳಿ, ಅವನ್ನೇ ಚೀಟಿಯಲ್ಲಿ ಬರೆದು ಪ್ರತಿ ಮನೆಗೂ ಕೊಡತೊಡಗಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊದಲಾದ ನಲಿ-ಕಲಿಯ ಈ ಕ್ರಮದ ಗುಣವನ್ನು ತಾಯಂದಿರಿಗೆ ವಿವರಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊದಲ ಐದು ಅಕ್ಷರಗಳಿಂದಲೇ ಸರ, ಅರಸ, ಗರಗಸ ಎಂಬ ಪದಗಳು ಹುಟ್ಟುತ್ತವೆ. ನಮ್ಮ ಪಕ್ಕದ ಗದಗ ಹುಟ್ಟುತ್ತದೆ. ರಾಷ್ಟ್ರಧ್ವಜದ ಖಾದಿ ಬಟ್ಟೆಗೆ ಹೆಸರಾದ ಧಾರವಾಡ ತಾಲೂಕಿನ ಗರಗವೂ ಹುಟ್ಟುತ್ತದೆ. ಮುಂದಿನ ಜ, ವ, ಮ, ಬ, ನ ಸೇರಿದ ಕೂಡಲೇ ಬಸವ, ಮರ, ಜನ ಎಂಬವುಗಳ ಜೊತೆಗೆ ‘ನವನಗರ’ ಎಂಬ ತಮ್ಮದೇ ಊರಿನ ಫಲಕವನ್ನು ಮಕ್ಕಳು ಓದಬಲ್ಲರು.

ಆಗಸ್ಟ್

ಕಾಗುಣಿತಕ್ಕೆ ಬಂದಿದ್ದೇವೆ. ಕನ್ನಡದ 34 ವ್ಯಂಜನಗಳು ಸ್ವರಗಳೊಡನೆ ಕೂಡಿ ತಳೆಯುವ ರೂಪಗಳು ನಾಲ್ಕುನೂರನ್ನು ಮೀರುತ್ತವೆ; ಅವನ್ನೆಲ್ಲ ಸಾಲುಸಾಲಾಗಿ ಕಂಠಪಾಠ ಮಾಡಿಸುವುದರಿಂದ ಆರು ವರ್ಷದ ಮಗುವಿಗೆ ದಣಿವಾಗುತ್ತದೆಯೇ ಹೊರತು ಓದು ಬರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹೀಗಾಗಿ ಒಂದು ಅಕ್ಷರದ ಇಡೀ ಬಳ್ಳಿಯನ್ನು ಬಿಟ್ಟು, ಒಂದೇ ಗುಣಿತ ಚಿಹ್ನೆಯನ್ನು ಹಲವು ಅಕ್ಷರಗಳ ಮೇಲೆ ಆಡಿಸುತ್ತಿದ್ದೇನೆ: ಒಂದು ವಾರ ‘ಕಾ’ದಲ್ಲಿರುವ ಇಳಿ ಮಾತ್ರ, ಮರುವಾರ ‘ಕಿ’ಯಲ್ಲಿರುವ ಗುಡಿಸು, ಆಮೇಲೆ ‘ಕು’ವಿನಲ್ಲಿರುವ ಕೊಂಬು.

ಎತ್ವದಲ್ಲಿ ನಮ್ಮ ಭಾಗಕ್ಕೇ ವಿಶೇಷವಾದ ಒಂದು ಸಂಗತಿ ಎದುರಾಯಿತು. ಪುಸ್ತಕದಲ್ಲಿ ‘ಮನೆ’ ಎಂದಿದ್ದರೆ ಮಗು ‘ಮನಿ’ ಎಂದು ಓದುತ್ತದೆ, ‘ತಲೆ’ ಎಂದಿದ್ದರೆ ‘ತಲಿ’ ಎನ್ನುತ್ತದೆ. ಇದನ್ನು ತಪ್ಪೆಂದು ಗದರಿಸುವ ಹಿರಿಯರಿದ್ದಾರೆ. ಮಗುವಿಗೆ ಎತ್ವ ತಿಳಿದಿಲ್ಲವೋ, ಅಥವಾ ತಿಳಿದೂ ಮನೆಯ ಮಾತಿನಂತೆ ಉಚ್ಚರಿಸುತ್ತಿದೆಯೋ ಎಂಬುದನ್ನು ಕಂಡುಕೊಳ್ಳಲು ನಾನು ‘ಕೆರೆ’ ಎಂಬ ಪದವನ್ನು ಕೊಡುತ್ತೇನೆ. ಉಣಕಲ್ ಕೆರೆಯನ್ನು ಕಾಣದ ಮಗು ಇಲ್ಲಿಲ್ಲ. ‘ಕೆರಿ’ ಎಂದು ಓದಿದ ಮಗು ಮೊದಲ ಅಕ್ಷರದ ಎತ್ವವನ್ನು ಸರಿಯಾಗಿ ಗುರುತಿಸಿ, ಕೊನೆಯದನ್ನು ಮಾತ್ರ ತನ್ನ ನುಡಿಗೆ ಹೊಂದಿಸಿಕೊಂಡಿದೆ ಎಂದು ಭಾವಿಸಬಹುದು. ಆದರೆ ಪರಿಚಿತ ಪದವನ್ನು ಊಹಿಸಿಯೂ ಓದಬಹುದಾದ್ದರಿಂದ, ಅರ್ಥವಿಲ್ಲದ ‘ಗೆಸ’ದಂತಹ ಜೋಡಣೆಯನ್ನೂ ಓದಿಸಿ ನೋಡುತ್ತೇನೆ. ಎರಡನ್ನೂ ಓದಿದ ಮಗುವಿಗೆ ಚಿಹ್ನೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಪುಸ್ತಕದಲ್ಲಿ ಹೀಗೆ ಬರೆಯುತ್ತಾರೆ ಎಂದು ಬೆರಳಿಟ್ಟು ತೋರಿಸಿದರೆ ಸಾಕು.

ಮನೆಯ ಅಭ್ಯಾಸಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕೆಂದು ಹೇಳಿದ್ದೇನೆ. ಓದು ಬಾರದ ಅಜ್ಜಿಯರೂ ಇದರಲ್ಲಿ ಪಾಲುಗೊಳ್ಳಬಲ್ಲರು. ಒಂದು ಮನೆಯಲ್ಲಿ ಆಯಿ ಹೇಳಿದ ಕಥೆಯನ್ನು ಮೊಮ್ಮಗಳು ಮರುದಿನ ನನ್ನೆದುರು ಹೇಳುತ್ತಾಳೆ, ನಾನು ಅದನ್ನು ನಾಲ್ಕು ಸಾಲುಗಳಲ್ಲಿ ಅವಳ ಮಾತಿನಲ್ಲಿಯೇ ದೊಡ್ಡಕ್ಷರಗಳಲ್ಲಿ ಬರೆದುಕೊಡುತ್ತೇನೆ, ಅವಳು ಅದನ್ನು ಆಯಿಗೆ ಓದಿ ಹೇಳುತ್ತಾಳೆ. ‘ಆಯಿ ರೊಟ್ಟಿ ಬಡಿತಾಳ’ ಎಂಬ ಸಾಲಿನ ಒತ್ತಕ್ಷರವನ್ನು ಯಾರೂ ಇನ್ನೂ ಕಲಿಸಿರಲಿಲ್ಲ. ಅರ್ಥ ಗೊತ್ತಿದ್ದುದರಿಂದ ಅವಳೇ ಅದನ್ನು ದಾಟಿದಳು.

ನವೆಂಬರ್

ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ದಾರಿ ನಮಗೆ ಒಳ್ಳೆಯ ಪಾಠವಾಗಿದೆ. ಧಾರವಾಡದ ಕಡೆಗೆ ಹೋಗುವಾಗ ಬರುವ ರಾಯಾಪುರದಲ್ಲಿ ಇಳಿಯೂ ಕೊಂಬೂ ಇವೆ, ಸತ್ತೂರಿನಲ್ಲಿ ಒತ್ತಕ್ಷರವಿದೆ, ನವಲೂರಿನಲ್ಲಿ ಕೊಂಬಿನ ದೀರ್ಘವಿದೆ. ಈ ಹೆಸರುಗಳನ್ನು ಕಲಿಕೆಗೆ ತಕ್ಕ ಅನುಕ್ರಮದಲ್ಲಿ ಜೋಡಿಸಿ ಮಿಂಚುಪಟ್ಟಿಗಳನ್ನು (ಫ್ಲ್ಯಾಶ್ ಕಾರ್ಡ್) ಮಾಡಿದ್ದೇನೆ. ‘ಧಾರವಾಡ’ವನ್ನು ಎಲ್ಲರೂ ಓದುತ್ತಾರೆ. ‘ಹುಬ್ಬಳ್ಳಿ’ಯನ್ನು ಕೆಲವರು ಇನ್ನೂ ರೂಪ ನೋಡಿ ಊಹಿಸುತ್ತಾರೆಂಬ ಸಂಶಯವಿರುವುದರಿಂದ, ‘ಹಳ್ಳಿ’, ‘ಹಬ್ಬ’ ಎಂದು ಬಿಡಿಸಿ ಓದಿಸುತ್ತಿದ್ದೇನೆ.

ಡಿಸೆಂಬರ್

ಸ್ಟೋರಿವೀವರ್ ತಾಣದಲ್ಲಿ ಉಚಿತವಾಗಿ ದೊರೆಯುವ ಮೊದಲ ಹಂತದ ಕನ್ನಡ ಕಥೆಗಳನ್ನು ಮುದ್ರಿಸಿ ಕೊಟ್ಟಿದ್ದೇನೆ. ಒಂದೇ ಕಥೆಯನ್ನು ಮತ್ತೆ ಮತ್ತೆ ಓದುವುದನ್ನು ಯಾರೂ ತಡೆಯಬಾರದೆಂದು ಮನೆಯವರಲ್ಲಿ ಕೇಳಿಕೊಂಡಿದ್ದೇನೆ. ಅವಸರಪಡುವ ಪಾಲಕರಿಗೆ, 2021ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಕಾರ್ಯಕ್ರಮವೂ ಓದಿನ ಅಡಿಪಾಯಕ್ಕೆ ಮೂರನೆಯ ತರಗತಿಯ ಅಂತ್ಯದವರೆಗೆ ಕಾಲಾವಕಾಶ ಇಟ್ಟಿದೆ ಎಂದು ತಿಳಿಸಿದ್ದೇನೆ.

ಅರ್ಕಾವತ್ತು ಇನ್ನೂ ಬಾಕಿ ಇದೆ. ‘ಕರ್ನಾಟಕ’ ಎಂಬಲ್ಲಿ ಮೊದಲು ಉಚ್ಚರಿಸಬೇಕಾದ ರಕಾರದ ಗುರುತು ‘ನಾ’ದ ನಂತರ ಬರುವುದರಿಂದ ಮಕ್ಕಳು ಅಲ್ಲಿ ತಡವರಿಸುತ್ತಾರೆ, ಅದನ್ನು ಜನವರಿಯಲ್ಲಿ ಎತ್ತಿಕೊಳ್ಳುತ್ತೇನೆ. ವ, ಮ, ಪ, ಷಗಳನ್ನು ಇನ್ನೂ ಅದಲುಬದಲು ಮಾಡುವ ಒಬ್ಬ ಹುಡುಗನನ್ನು ಮಾತ್ರ ಅರ್ಕಾವತ್ತು ಕಲಿಯುವ ಗುಂಪಿಗೆ ಸೇರಿಸುವುದಿಲ್ಲ. ಅಕ್ಕೋರೊಡನೆ ಮಾತನಾಡಿದ್ದೇನೆ, ಶಾಲೆಯಲ್ಲಿಯೂ ಮನೆಯಲ್ಲಿಯೂ ಅವನಿಗೆ ಸದ್ಯ ವ ಮತ್ತು ಮ ಎರಡನ್ನೇ, ‘ವನ’, ‘ಮನ’ ಎಂಬ ಜೋಡಿಯಿಂದ, ಅವನು ನಿಸ್ಸಂಶಯವಾಗಿ ಬೇರ್ಪಡಿಸುವವರೆಗೆ ಓದಿಸಲಾಗುವುದು.