ರೋಸಾ ಪಾನ್ಸೆಲ್

ಬೆಳಗ್ಗೆಯಿಂದ ಒಪೆರಾ (ಹಾಡಿನಲ್ಲೇ ಕಥೆ ಹೇಳುವ ಸಂಗೀತ ನಾಟಕ) ಗಾಯಕಿ ರೋಸಾ ಪಾನ್ಸೆಲ್ ಅವರ ಹಳೇ ರೆಕಾರ್ಡುಗಳನ್ನೇ ಕೇಳುತ್ತಿದ್ದೇನೆ. ಇಟಲಿಯಿಂದ ಅಮೆರಿಕಕ್ಕೆ ವಲಸೆ ಬಂದವರ ಮಗಳು. ಮೂಕಿಚಿತ್ರದ ಥಿಯೇಟರಿನಲ್ಲಿ ಪಿಯಾನೊ ನುಡಿಸಿದರು, ಅಕ್ಕ ಕಾರ್ಮೆಲಾ ಜೊತೆ ಹಾಡು, ಕುಣಿತ, ಹಾಸ್ಯ ಬೆರೆತ ವಾಡೆವಿಲ್ ಶೋಗಳಲ್ಲಿ ಹಾಡಿದರು. 1918ರ ನವೆಂಬರ್ 15, ಮಹಾಯುದ್ಧ ನಿಂತು ನಾಲ್ಕೇ ದಿನ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾ ರಂಗಮಂದಿರದಲ್ಲಿ, ಹೆಸರಾಂತ ಗಾಯಕ ಕರೂಸೋ ಅಂಥವರ ಜೊತೆ, ಸಂಗೀತ ಸಂಯೋಜಕ ವೆರ್ಡಿಯ ಒಪೆರಾದ ನಾಯಕಿ ಲಿಯೊನೋರಾ ಪಾತ್ರ! ಆಗಿನ್ನೂ 21 ವರ್ಷ. ಅದೇ ಮೊದಲ ಒಪೆರಾ.

ಆ ದನಿ ಕೆಳಗಿನ ಸ್ವರದಿಂದ ಮೇಲಕ್ಕೆ ಏರುವಾಗ ಎಲ್ಲೂ ತೆಳುವಾಗುವುದಿಲ್ಲ. ಕರಗಿದ ಬೆಲ್ಲದ ಪಾಕದ ಹಾಗೆ ಒಂದೇ ಎಳೆ. ಆದರೂ ತೀರಾ ಎತ್ತರದ ಸ್ವರ ಬಂದರೆ ಅವರಿಗೆ ಭಯವಿತ್ತು. 1937ರಲ್ಲಿ, 40ನೇ ವಯಸ್ಸಿಗೇ ಒಪೆರಾ ಬಿಟ್ಟರು. ಕೇಳುವವರಿಗೆ ಇಷ್ಟು ಸಲೀಸು ಅನ್ನಿಸುವ ಹಾಡಿನ ಹಿಂದೆ ಎಷ್ಟು ಅಳುಕು ಇರುತ್ತೆ, ಅಲ್ವಾ?