ನೀರಿದೆ, ಇಳಿಯೋ ಹಾಗಿಲ್ಲ

ಫ್ರಾನ್ಸಿನ ಲೀಲ್ ನಗರದಿಂದ ಮೆಟ್ರೋ ಹಿಡಿದು ಪಕ್ಕದ ಊರು ರೂಬೇಗೆ ಹೋದೆ. ಇಳಿದ ಸ್ಟೇಷನ್ನಿಗೆ ಝಾನ್ ಲೆಬಾ ಅವರ ಹೆಸರಿದೆ. ಈ ಊರಿನ ಮೇಯರ್ ಆಗಿದ್ದವರು. 1936ರಲ್ಲಿ ಫ್ರಾನ್ಸಿನ ಕಾರ್ಮಿಕರಿಗೆ ಸಂಬಳದ ಜೊತೆ ಎರಡು ವಾರ ರಜೆ ಸಿಕ್ಕಿದಾಗ ಕಾರ್ಮಿಕ ಮಂತ್ರಿಯೂ ಇವರೇ. ನಾನು ನೋಡಲು ಹೊರಟಿದ್ದ ಲಾ ಪಿಸೀನ್ ಈಜುಕೊಳವೂ ಅವರ ಕಾಲದ್ದು.

ಆಗ ರೂಬೇ ಅಂದ್ರೆ ಬಟ್ಟೆ ಗಿರಣಿಗಳ ಊರು. ಕೂಲಿಕಾರರ ಮನೆಗಳಲ್ಲಿ ಬಚ್ಚಲು ಅನ್ನೋದು ದೂರದ ಮಾತು. ಅವರಿಗೆ ಸ್ನಾನಕ್ಕೊಂದು ಜಾಗ ಬೇಕಿತ್ತು. ನಾಲ್ಕು ನಲ್ಲಿ ಹಾಕಿಸಿ ಕೈತೊಳೆದುಕೊಳ್ಳಬಹುದಿತ್ತು, ಅಲ್ವಾ? ವಾಸ್ತುಶಿಲ್ಪಿ ಆಲ್ಬೇರ್ ಬಾರ್ಟ್ ಕ್ರೈಸ್ತ ಮಠದ ನಕ್ಷೆಯನ್ನೇ ತಂದಿಟ್ಟರು. ನಡುವೆ ತೋಟ, ಅದರ ಪಕ್ಕಕ್ಕೆ ಸ್ನಾನದ ಕೋಣೆಗಳು, ಒಂದು ಬದಿಗೆ 50 ಮೀಟರ್ ಉದ್ದದ ಕೊಳ. 1927ರಲ್ಲಿ ಶುರುವಾದ ಕೆಲಸ 1932ಕ್ಕೆ ಮುಗಿಯಿತು.

ಒಳಗೆ ಕಾಲಿಟ್ಟರೆ ಮೊದಲು ಕಾಣೋದು ಸೂರ್ಯ. ಕಮಾನಿನ ಚಾವಣಿಯ ಒಂದು ತುದಿಯಲ್ಲಿ ಬಣ್ಣದ ಗಾಜಿನ ಹುಟ್ಟುವ ಸೂರ್ಯ, ಇನ್ನೊಂದು ತುದಿಯಲ್ಲಿ ಮುಳುಗುವ ಸೂರ್ಯ. ಗಾಜಿನ ಹಳದಿಯೆಲ್ಲ ನೀರಿಗೆ ಇಳಿದು, ಅಲೆ ಎದ್ದಾಗ ಒಡೆದು ಮತ್ತೆ ಕೂಡಿಕೊಳ್ಳುತ್ತದೆ. ಕೊಳದ ಕೊನೆಯಲ್ಲಿ ರೋಮನ್ನರ ಸಮುದ್ರ ದೇವರು ನೆಪ್ಚೂನನ ಮುಖ, ಅದರ ಬಾಯಿಂದ ನೀರು. ಸುಮಾರು ಹೊತ್ತು ಸುಮ್ನೆ ನಿಂತುಬಿಟ್ಟೆ. ಗಿರಣಿ ಮಾಲೀಕರ ಮಕ್ಕಳೂ ಕೂಲಿಕಾರರ ಮಕ್ಕಳೂ ಈಜುತ್ತಿದ್ದದ್ದು ಇದೇ ನೀರಲ್ಲಿ.

ಚಾವಣಿ ಗಟ್ಟಿಯಿಲ್ಲ ಅಂತ 1985ರಲ್ಲಿ ಕೊಳ ಮುಚ್ಚಿದರು. 2001ರಲ್ಲಿ ಅದು ಮ್ಯೂಸಿಯಂ ಆಗಿ ತೆರೆಯಿತು. ಹೊಸ ರೂಪ ಕೊಟ್ಟವರು ಝಾನ್-ಪೋಲ್ ಫಿಲಿಪ್ಪೋನ್. ಪ್ಯಾರಿಸಿನ ಓರ್ಸೇ ರೈಲ್ವೆ ಸ್ಟೇಷನ್ನನ್ನು ಮ್ಯೂಸಿಯಂ ಮಾಡಿದ ತಂಡದಲ್ಲೂ ಇದ್ದವರು. ನಡುವೆ ಉದ್ದಕ್ಕೆ ಒಂದು ಪಟ್ಟಿ ನೀರು ಉಳಿಸಿ, ಅದರ ಎರಡೂ ಕಡೆ ಶಿಲ್ಪಗಳನ್ನು ನಿಲ್ಲಿಸಿದ್ದಾರೆ. ಜನ ಮೈ ತೊಳೆಯುತ್ತಿದ್ದ ಶವರ್ ಗೂಡುಗಳು ಈಗ ಪಿಂಗಾಣಿ ಪಾತ್ರೆಗಳ ಕಪಾಟು. ಗೋಡೆಯ ಟೈಲ್ಸ್ ಮಾತ್ರ ಹಾಗೇ ಇದೆ. ಒಳ್ಳೆ ಕೆಲಸ, ಎರಡು ಮಾತಿಲ್ಲ.

ಇದ್ದಕ್ಕಿದ್ದ ಹಾಗೆ ಮಕ್ಕಳ ಕೇಕೆ, ನೀರಿಗೆ ಧುಮುಕಿದ ಸದ್ದು! ಬೆಚ್ಚಿ ತಿರುಗಿದೆ. ಯಾರೂ ಇಲ್ಲ. ರೆಕಾರ್ಡ್ ಮಾಡಿದ ಸದ್ದನ್ನು ಆಗಾಗ ಹಾಕುತ್ತಾರಂತೆ. ಬಹಳ ಜನ ಇದನ್ನು ಮೆಚ್ಚುತ್ತಾರೆ. ನನಗೆ ಮಾತ್ರ ಹಿಡಿಸಲಿಲ್ಲ. ನೀರು ತೋರಿಸಿ, ಇಳಿಯಬೇಡ ಅಂತ ಹೇಳಿ, ಅದರ ಮೇಲೆ ಹಿಂದಿನ ಕಾಲದಲ್ಲಿ ಈಜಿದವರ ಗಲಾಟೆ ಬೇರೆ ಕೇಳಿಸೋದಾ? ನನ್ನ ಪಕ್ಕದಲ್ಲಿದ್ದ ಪುಟ್ಟ ಹುಡುಗನಂತೂ ಶೂ ಬಿಚ್ಚೋಕೆ ಕೂತೇಬಿಟ್ಟ. ಅವರಮ್ಮ ರಟ್ಟೆ ಹಿಡಿದು ಎಬ್ಬಿಸಿದರು. ನಾನು ಆ ಹುಡುಗನ ಪಾರ್ಟಿ.