ಘಟ್ಟ ಹತ್ತುವ ಟೋಯಿಂಗ್ ಗಾಡಿಗೆ ಟ್ಯೂನಿಂಗ್ ಬಾಕ್ಸ್

ಹಾಸನದಲ್ಲಿ ನನ್ನದು ಡೀಸೆಲ್ ಗಾಡಿಗಳ ಗ್ಯಾರೇಜ್. ಶಿರಾಡಿ ಘಾಟಿಯಲ್ಲಿ ಕೆಟ್ಟು ನಿಂತ ಕಾರುಗಳನ್ನು ಎಳೆದು ತರುವ ಟೋಯಿಂಗ್ ಗಾಡಿಯೊಂದು ನಮ್ಮಲ್ಲಿಗೇ ಸರ್ವಿಸ್‌ಗೆ ಬರುತ್ತದೆ. ಬಿಎಸ್-4 ಪಿಕಪ್, ಹಿಂದೆ ಕ್ರೇನ್ ಕೂರಿಸಿದ್ದು. ಕಳೆದ ಮಳೆಗಾಲಕ್ಕೆ ಮುಂಚೆ ಅದರ ಯಜಮಾನರು ಬಂದು, "ಅಣ್ಣ, ಗುಂಡ್ಯದಿಂದ ಕಾರು ಎಳೆದುಕೊಂಡು ಹತ್ತುವಾಗ ಗಾಡಿಗೆ ದಮ್ಮೇ ಇಲ್ಲ. ಈ ಬಾಕ್ಸ್ ಹಾಕಿಕೊಡಿ" ಎಂದರು. ಎಂಜಿನ್ ಶಕ್ತಿ ಹೆಚ್ಚಿಸುವ ಆ ಟ್ಯೂನಿಂಗ್ ಬಾಕ್ಸನ್ನು ಅವರೇ ತರಿಸಿದ್ದರು. ಅರ್ಧ ಗಂಟೆಯಲ್ಲಿ ಕೂರಿಸಿಕೊಟ್ಟೆ. ಮೊದಲು ಎಳೆಯುತ್ತಿದ್ದ ಗಾಡಿ ಈಗೇಕೆ ಎಳೆಯುತ್ತಿಲ್ಲ ಎಂದು ನಾನು ಕೇಳಲೇ ಇಲ್ಲ.

ಆ ಬಾಕ್ಸ್ ಮಾಡುವ ಕೆಲಸ ಸರಳ. ಡೀಸೆಲನ್ನು ಒತ್ತಡದಲ್ಲಿ ಹಿಡಿದಿಡುವ ಕೊಳವೆಯಾದ ಕಾಮನ್ ರೈಲ್‌ನ ಒತ್ತಡ ಅಳೆಯುವ ಸೆನ್ಸರ್‌ಗೂ ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುಗೂ ನಡುವೆ ಅದು ಕೂರುತ್ತದೆ. ರೈಲ್‌ನಲ್ಲಿ 1400 ಬಾರ್ ಒತ್ತಡವಿದ್ದರೆ ಇಸಿಯುಗೆ ಅದಕ್ಕಿಂತ ಕಡಿಮೆ ಇದೆಯೆಂದು ತಿಳಿಸುತ್ತದೆ. ಇಸಿಯು ಅದನ್ನು ನಂಬಿ ಒತ್ತಡ ಏರಿಸುತ್ತದೆ. ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ತೆರೆದಿರುವ ಹೊತ್ತು ಅಷ್ಟೇ, ಆದರೆ ಒಳಹೋಗುವ ಡೀಸೆಲ್ ಜಾಸ್ತಿ. ಗಾಳಿಯ ಲೆಕ್ಕಕ್ಕೆ ಈ ಬಾಕ್ಸ್ ಕೈ ಹಾಕುವುದೇ ಇಲ್ಲ. ಪೆಟ್ರೋಲ್ ಎಂಜಿನ್‌ಗೆ ಪೂರ್ಣ ಲೋಡಿನಲ್ಲಿ ತುಸು ಹೆಚ್ಚು ಪೆಟ್ರೋಲ್ ಕೊಟ್ಟರೆ ಅದು ತಂಪಾಗುತ್ತದೆ. ಡೀಸೆಲ್‌ನಲ್ಲಿ ತದ್ವಿರುದ್ಧ, ಹೆಚ್ಚು ಇಂಧನವೆಂದರೆ ಹೆಚ್ಚು ಶಾಖ. ಊರೊಳಗೆ ಓಡಾಡುವ ಗಾಡಿಯಲ್ಲಿ ಆ ಶಾಖ ನಾಲ್ಕೈದು ಸೆಕೆಂಡಿನದು. ಓವರ್‌ಟೇಕ್ ಮುಗಿದರೆ ಅದೂ ಮುಗಿಯಿತು. ಟೋಯಿಂಗ್ ಗಾಡಿ ಹಾಗಲ್ಲ. ಗುಂಡ್ಯದಿಂದ ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದ ಸಕಲೇಶಪುರದವರೆಗೆ ಬಹುಪಾಲು ಏರೇ. ಆ ಹೊತ್ತಿನುದ್ದಕ್ಕೂ ಆಕ್ಸಿಲರೇಟರ್ ಮೇಲಿನ ಕಾಲು ಎತ್ತುವಂತಿಲ್ಲ.

ಮೊದಲ ಮೂರು ವಾರ ಯಜಮಾನರಿಗೆ ಖುಷಿಯೋ ಖುಷಿ. ನಾಲ್ಕನೇ ವಾರ ಅವರ ಗಾಡಿಯನ್ನೇ ಇನ್ನೊಂದು ಗಾಡಿ ಎಳೆದು ತಂದಿತು. ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಗಾಳಿ ತುಂಬುವ ಟರ್ಬೋ ಬಿಚ್ಚಿ ಶಾಫ್ಟನ್ನು ಎರಡು ಬೆರಳಿನಲ್ಲಿ ಹಿಡಿದು ಅಲ್ಲಾಡಿಸಿದೆ, ಸಡಿಲ ಹಲ್ಲಿನಂತೆ ಆಡಿತು. ಹೊಗೆ ಬಡಿಯುವ ಕಡೆಯ ಚಕ್ರದ ರೆಕ್ಕೆಗಳ ಅಂಚು ಇಲಿ ಕಚ್ಚಿದಂತೆ ತಿಂದುಹೋಗಿತ್ತು. ಬೇರಿಂಗ್ ಸುತ್ತ ಆಯಿಲ್ ಸುಟ್ಟು, ತಳ ಹಿಡಿದ ಪಾತ್ರೆಯ ಕರಿಯಂತೆ ಗಟ್ಟಿಯಾಗಿ ಕೂತಿತ್ತು. ಕ್ಲಚ್ ಪ್ಲೇಟ್ ಕೂಡ ಸವೆದಿತ್ತು.

ಹೊಸ ಟರ್ಬೋ ಜೋಡಿಸುವಾಗ ಟರ್ಬೋದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಪೈಪಿನ ಕೆಳಗೆ ಕೈಯಿಟ್ಟೆ. ಆಯಿಲ್ ಜಿನುಗಿ ಧೂಳು ಅಂಟಿದ ಒಂದು ಗೆರೆ ಬೆರಳಿಗೆ ಸಿಕ್ಕಿತು. ಪೈಪಿಗೆ ಗಾಳಿ ತುಂಬಿ, ಸೋಪಿನ ನೀರು ಹಚ್ಚಿದೆವು. ಕ್ಲ್ಯಾಂಪಿನ ಪಕ್ಕದಲ್ಲಿ, ಉಗುರಿನಷ್ಟು ಉದ್ದದ ಸೀಳಿನಿಂದ ಗುಳ್ಳೆ ಎದ್ದಿತು. ಅಂಚೆಲ್ಲ ಒಣಗಿ ಗಡುಸಾಗಿದ್ದ ಹಳೆಯ ಸೀಳು ಅದು. ಟರ್ಬೋ ಕೊಟ್ಟ ಗಾಳಿ ತಿಂಗಳುಗಟ್ಟಲೆ ಅಲ್ಲೇ ಸೋರುತ್ತಿತ್ತು. ಗಾಡಿಗೆ ದಮ್ಮಿಲ್ಲದೆ ಹೋಗಿದ್ದು ಅದಕ್ಕೇ. ಗಾಳಿ ಸಾಲದ ಎಂಜಿನ್‌ಗೆ ನಾನು ಇನ್ನಷ್ಟು ಡೀಸೆಲ್ ಕುಡಿಸಿದ್ದೆ. ಆ ಪೈಪ್ ಬೆಲೆ ಟರ್ಬೋ ಬೆಲೆಯ ಮುಂದೆ ಏನೂ ಅಲ್ಲ. ಟರ್ಬೋ ಖರ್ಚಿನಲ್ಲಿ ಅರ್ಧ ನಾನೇ ಹಾಕಿಕೊಂಡೆ. ಅದು ನ್ಯಾಯವೆಂದೇ ಈಗಲೂ ನನ್ನ ನಂಬಿಕೆ.

ಇಷ್ಟಾದ ಮೇಲೆ ಊಹೆಯ ಮೇಲೆ ಕೆಲಸ ಮಾಡುವುದು ಬೇಡವೆಂದು ಸಿಲಿಂಡರ್‌ಗಳ ಹೊಗೆ ಕೂಡಿಸಿ ಟರ್ಬೋಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚಿದೆ. ಗಾಡಿಯ ಮೇಲೇ ಕೊರೆದರೆ ಕಬ್ಬಿಣದ ಚೂರು ನೇರ ಟರ್ಬೋಗೆ ಹೋಗುತ್ತದೆ, ಆದ್ದರಿಂದ ಬಿಚ್ಚಿಯೇ ಕೊರೆಯಬೇಕು. ಟರ್ಬೋಗೆ ಮುಂಚಿನ ಜಾಗದಲ್ಲಿ ಶಾಖ ಅಳೆಯುವ ಥರ್ಮೋಕಪಲ್ ಕೂರಿಸಿ, ಹೊಗೆಯ ಶಾಖ ತೋರಿಸುವ ಮೀಟರನ್ನು ಡ್ಯಾಶ್‌ಬೋರ್ಡ್‌ಗೆ ಹಾಕಿದೆ. ಘಟ್ಟದಲ್ಲಿ ಭಾರ ಎಳೆಯುವಾಗ ಆ ಮುಳ್ಳು 700 ಡಿಗ್ರಿಯ ಆಚೆ ನಿಲ್ಲಬಾರದು ಎಂಬುದು ನಾನು ಇಟ್ಟುಕೊಂಡ ಗಡಿ. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು, ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಹೊಗೆ ಅದಕ್ಕಿಂತ ಬಿಸಿಯಿದ್ದರೂ ಪಿಸ್ಟನ್ ಕರಗದಂತೆ ಕಾಪಾಡುವುದು ಕೆಳಗಿನಿಂದ ಚಿಮ್ಮುವ ಆಯಿಲ್ ಮತ್ತು ಸಿಲಿಂಡರ್ ಸುತ್ತಲಿನ ನೀರು.

ಹಿಂದೆ ಒಂದು ಕಾರು ಕಟ್ಟಿಕೊಂಡು ಡ್ರೈವರ್ ಹುಡುಗನ ಜೊತೆ ಘಟ್ಟಕ್ಕೆ ಹೋದೆ. ಹೊಸ ಪೈಪ್, ಬಾಕ್ಸ್ ಅತಿ ಕಡಿಮೆ ಸೆಟ್ಟಿಂಗ್‌ನಲ್ಲಿ. ಹುಡುಗ ನಾಲ್ಕನೇ ಗೇರಿನಲ್ಲೇ ಹತ್ತಿಸತೊಡಗಿದ. "ಬಾಕ್ಸ್ ಬಂದ ಮೇಲೆ ಗೇರ್ ಇಳಿಸುವುದೇ ಬೇಡವಣ್ಣ" ಎಂದ. ಆರ್‌ಪಿಎಂ 1500, ಮುಳ್ಳು 740 ದಾಟಿತು. ಮೂರನೇ ಗೇರಿಗೆ ಇಳಿಸು ಎಂದೆ. ಆರ್‌ಪಿಎಂ 2300ಕ್ಕೆ ಹೋಯಿತು, ಶಾಖ 650ಕ್ಕೆ ಇಳಿಯಿತು. ಎಂಜಿನ್ ಜೋರಾಗಿ ತಿರುಗಿದರೆ ಟರ್ಬೋ ಹೆಚ್ಚು ಗಾಳಿ ಎಳೆಯುತ್ತದೆ, ಪ್ರತಿ ಹೊಡೆತಕ್ಕೆ ಬೇಕಾದ ಡೀಸೆಲ್ ಕಡಿಮೆಯಾಗುತ್ತದೆ. ಸದ್ದು ಜಾಸ್ತಿಯಾದರೆ ಎಂಜಿನ್‌ಗೆ ಕಷ್ಟ ಎಂದು ಹುಡುಗ ತಿಳಿದಿದ್ದ. ಬಹಳ ಡ್ರೈವರ್‌ಗಳು ಹಾಗೇ ತಿಳಿದಿದ್ದಾರೆ.

ಸಕಲೇಶಪುರದಲ್ಲಿ ಬಾಕ್ಸ್ ಕಳಚಿ, ಕೆಳಗಿಳಿದು ಮತ್ತೆ ಅದೇ ಕಾರು ಎಳೆದೆವು. ಮೂರನೇ ಗೇರಿನಲ್ಲಿ 590. ವೇಗದ ವ್ಯತ್ಯಾಸ ಗಂಟೆಗೆ ಐದಾರು ಕಿಲೋಮೀಟರ್, ಅಷ್ಟೇ. ಯಜಮಾನರಿಗೆ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಬರೆದು ತೋರಿಸಿದೆ. ಗಾಡಿ, ಕಾರು ಸೇರಿ ನಾಲ್ಕೂವರೆ ಟನ್. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ 30 ಕಿಲೋಮೀಟರ್ ವೇಗಕ್ಕೆ ಚಕ್ರದಲ್ಲಿ ಸುಮಾರು 36 ಅಶ್ವಶಕ್ತಿ ಸಾಕು, 45ಕ್ಕೆ ಸುಮಾರು 54 ಬೇಕು. ಗುಂಡ್ಯದಲ್ಲಿ ಮಳೆಯಲ್ಲಿ ನಿಂತ ಕುಟುಂಬಕ್ಕೆ ಗಾಡಿ ಬಂದರೆ ಸಾಕಾಗಿರುತ್ತದೆ, 45ರ ವೇಗ ಅವರಿಗೆ ಬೇಡ. ಕಾನೂನಿನ ಮಾತನ್ನೂ ಹೇಳಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 182ಎ ಕಲಂ ಪ್ರಕಾರ, ಕಾಯ್ದೆ ಒಪ್ಪದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅವರು ಬಾಕ್ಸನ್ನು ವಾಪಸ್ ಕೇಳಲಿಲ್ಲ.

ಮೀಟರ್ ಮಾತ್ರ ಗಾಡಿಯಲ್ಲೇ ಇದೆ. ಹೋದ ವಾರ ದೋಣಿಗಾಲ್ ಹತ್ತಿರ ಚಹಾಕ್ಕೆ ನಿಂತಿದ್ದಾಗ ಆ ಹುಡುಗ ಕಾರೊಂದನ್ನು ಎಳೆದುಕೊಂಡು ಬಂದ. ಗಾಡಿ ನಿಲ್ಲಿಸಿದ, ಇಳಿಯಲಿಲ್ಲ. ಟರ್ಬೋ ತಣಿಯಲೆಂದು ಎಂಜಿನ್ ಐಡಲ್‌ನಲ್ಲಿ ಓಡುತ್ತಿತ್ತು, ಅವನ ಕಣ್ಣು ಮೀಟರ್ ಮೇಲಿತ್ತು. ಎರಡು ಮೂರು ನಿಮಿಷ ಕಳೆದು ಮುಳ್ಳು 200ರ ಹತ್ತಿರ ಬಂದ ಮೇಲೆ ಕೀ ತಿರುಗಿಸಿ ಇಳಿದು, "ಅಣ್ಣ, ಇವತ್ತು 600 ದಾಟಲಿಲ್ಲ" ಎಂದ.